ಹೊರಗೆ ಚಳಿ, ತೊಡೆಯೊಳಗೆ ಬಿಸಿ

ತಮ್ಮಾ,

ಅಮೆರಿಕದ ಈ ವಿಸ್ಕಾನ್ಸಿನ್ನಿನಲ್ಲಿ ಬಂದೂಕಿನ ಬೇಟೆಗೆ ಬಿಡುವ ಗನ್ ಸೀಸನ್ನಿನ ಮೊದಲ ಶನಿವಾರವೇ ಹೆಣ್ಣು ಜಿಂಕೆ ಬಿತ್ತು ಅಂತ ಬರೆದಿದ್ದೀಯ. ಸಂತೋಷ. ಬೆಳಿಗ್ಗೆ ಎಂಟಕ್ಕೆ ಈಡು ಹೊಡೆದು, ಕರುಳು ತೆಗೆದು, ಒಳಗೆಲ್ಲ ಪೈಪಿನ ನೀರು ಬಿಟ್ಟು ತೊಳೆದು, ಚರ್ಮ ಸಮೇತ ಗ್ಯಾರೇಜಿನಲ್ಲಿ ನೇತುಹಾಕಿದ್ದೀಯ. "ಹೊರಗೆ ಫ್ರಿಜ್ಜಿನಷ್ಟೇ ಚಳಿ ಇದೆ, ಮುಂದಿನ ಶನಿವಾರದವರೆಗೆ ಹಾಗೇ ಬಿಡಬಹುದಾ ಅಣ್ಣ? ತಲೆ, ಮೂಳೆ, ಈಲಿ ಏನು ಮಾಡಲಿ?" ಅಂತ ಕೇಳಿದ್ದೀಯ. ಇಲ್ಲಿನ ನಮ್ಮವರು ಹೇಗೆ, ಚಳಿಗಾಲ ಹೇಗೆ ಅಂತಲೂ ಕೇಳಿದ್ದೀಯ. ಅದು ಆಮೇಲೆ.

ಒಂದು ವಾರ ಇರಲಿ, ಈ ರಾತ್ರಿಯೂ ಹಾಗೆ ಬಿಡಬೇಡ.

ನೀನು ಸಕಲೇಶಪುರ ಕಡೆಯವನು, ನಮ್ಮದು ಮೂಡಿಗೆರೆ. ನಮಗಿಬ್ಬರಿಗೂ ಮಾಂಸ ಕಡಿಯೋದು ಗೊತ್ತು, ಇಡೋದು ಗೊತ್ತಿಲ್ಲ. ಊರಲ್ಲಿ ಜಿಂಕೆ, ಕಡವೆ ಮುಟ್ಟೋದು 1972ರ ಕಾಯ್ದೆಯಿಂದಲೇ ನಿಂತಿತು, ಹಾಗಾಗಿ ನಾವು ಕಂಡದ್ದು ಹಬ್ಬದ ಕುರಿ. ಬೆಳಿಗ್ಗೆ ಕಡಿದರೆ ಮಧ್ಯಾಹ್ನ ಪಾತ್ರೆಯಲ್ಲಿ, ಉಳಿದದ್ದು ಪಾಲು ಹಾಕಿ ಹತ್ತು ಮನೆಗೆ. ಒಳಗಿನ ಬಿಸಿ ಮಾಂಸ ಕೆಡಿಸುವಷ್ಟು ಹೊತ್ತು ಅಲ್ಲಿ ಏನೂ ಉಳಿಯೋದಿಲ್ಲ. ಇಲ್ಲಿ ಐವತ್ತು ಅರವತ್ತು ಕಿಲೋದ ಪ್ರಾಣಿ ಒಬ್ಬನ ಕೈಗೆ ಬರುತ್ತದೆ. ನಾನು ಬಂದ ಮೊದಲ ನವೆಂಬರಿನಲ್ಲಿ ನಿನ್ನ ಹಾಗೇ ಚಳಿಯನ್ನು ನಂಬಿ ಎರಡೂ ಹಿಂದೊಡೆ ಕಳೆದುಕೊಂಡೆ. ಮುಟ್ಟಿದರೆ ಐಸಿನಂತೆ ತಣ್ಣಗಿತ್ತು, ಸೀಳಿದರೆ ಮೂಳೆಯ ಸುತ್ತ ಬೂದು-ಹಸಿರು. ಅಷ್ಟು ಬಾಡು ಕಸಕ್ಕೆ ಹಾಕಿದ್ದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಯಾಕೆ ಹಾಗಾಗುತ್ತದೆ ಅಂದರೆ, ಜಿಂಕೆಯ ಮೈಬಿಸಿ ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 38 ದಾಟುತ್ತದೆ. ಚಳಿಗಾಲದ ಅದರ ಕೂದಲು ಒಳಗೆ ಪೊಳ್ಳು, ಅಂದರೆ ಹೊದಿಸಿದ ರಗ್ಗು. ತೊಡೆ ಇಡೀ ಮೈಯಲ್ಲಿ ದಪ್ಪ, ನಡುವೆ ಮೂಳೆ, ಸೊಂಟದ ಕೀಲಿನ ಹತ್ತಿರ ಗಾಳಿಯೇ ಆಡೋದಿಲ್ಲ. ಕೀಟಾಣು ಜೋರಾಗಿ ಬೆಳೆಯೋದು 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ, ಅಂದರೆ 4ರಿಂದ 60 ಸೆಲ್ಸಿಯಸ್. ಹೊರಮೈ 4ಕ್ಕೆ ಇಳಿದಾಗಲೂ ಕೀಲಿನ ಬಳಿ ಇಪ್ಪತ್ತೋ ಇಪ್ಪತ್ತೈದೋ ಇರಬಹುದು. ಕೆಡೋದು ಅಲ್ಲಿಂದಲೇ, ಒಳಗಿನಿಂದ ಹೊರಕ್ಕೆ. ಇಲ್ಲಿಯವರು ಅದಕ್ಕೆ ಬೋನ್ ಸವರ್ ಅನ್ನುತ್ತಾರೆ. ಆ ವಾಸನೆ ಬಂದ ಮೇಲೆ ಎಷ್ಟು ಮೆಣಸು, ಎಷ್ಟು ಕಾಚಂಪುಳಿ ಹಾಕಿದರೂ ಪ್ರಯೋಜನವಿಲ್ಲ. ಕೆಲವು ವಿಷ ಕುದಿಸಿದರೂ ಹೋಗೋದಿಲ್ಲ.

ಈಗ ಕೆಲಸ. ಕತ್ತಿ ಇಡುವ ಮೊದಲು ಫೋನಿನಲ್ಲಿ ಜಿಂಕೆ ರಿಜಿಸ್ಟರ್ ಮಾಡು. ಗಡುವು ನಾಳೆ ಸಂಜೆ 5 ಗಂಟೆ, ಆದರೆ ಕಾಲು ಬೇರೆ ಮಾಡುವ ಮುಂಚೆ ಮುಗಿಸಿಬಿಡೋದು ಒಳ್ಳೆಯದು. ಆಮೇಲೆ ಅಡುಗೆಮನೆಯ ಮಾಂಸದ ಥರ್ಮಾಮೀಟರ್ ತಗೊಂಡು ಹಿಂದೊಡೆಯ ದಪ್ಪ ಭಾಗಕ್ಕೆ, ಮುಳ್ಳು ಮೂಳೆಗೆ ತಾಗುವಷ್ಟು ಚುಚ್ಚು. ಬಂದ ಅಂಕೆ ಬರೆದಿಟ್ಟುಕೋ. ನಾಳೆ ಬೆಳಿಗ್ಗೆಯೊಳಗೆ ಅದು 40 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬೇಕು. ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಅದು ಹೊರಗಿಗಿಂತ ಬೆಚ್ಚಗಿರುತ್ತದೆ, ಕಾರು ಒಳಗೆ ತಂದರೆ ಇನ್ನೂ ಬೆಚ್ಚಗೆ.

ಚರ್ಮ ಈಗಲೇ ಬಿಡಿಸು. ಹಗಲು 46 ಡಿಗ್ರಿ ಫ್ಯಾರನ್‌ಹೀಟ್ ಇತ್ತು ಅಂದಿದ್ದೀಯ, ಆ ಹವೆಯಲ್ಲಿ ಚರ್ಮ ಇಡೋದೇ ತಪ್ಪು. ಹೊರಗೆ ಗಟ್ಟಿ ಚಳಿಯಿದ್ದು ಮಾಂಸ ಹೆಪ್ಪುಗಟ್ಟುವ ಹಾಗಿದ್ದರೆ ಮಾತ್ರ ಒಂದು ರಾತ್ರಿ ಚರ್ಮ ಬಿಡುತ್ತಾರೆ. ಹಿಂಗಾಲಿನ ಹಿಮ್ಮಡಿ ನರದಲ್ಲಿ ಕೊಕ್ಕೆ ಸಿಕ್ಕಿಸಿ ತಲೆ ಕೆಳಗಾಗಿ ನೇತುಹಾಕಿದ್ದೀಯ ತಾನೆ? ಹಿಮ್ಮಡಿಯ ಕೆಳಗೆ ಸುತ್ತ ಕೊಯ್ದು, ತೊಡೆಯ ಒಳಬದಿಗುಂಟ ಸೀಳಿ ಕೆಳಕ್ಕೆ ಎಳಿ. ಸೀಳುವಾಗ ಚೂರಿಯ ಬಾಯಿ ಚರ್ಮದ ಒಳಗಿನಿಂದ ಹೊರಕ್ಕೆ ಇರಲಿ, ಹೊರಗಿನಿಂದ ಕೊಯ್ದರೆ ಕೂದಲು ತುಂಡಾಗಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಮುಕ್ಕಾಲು ಭಾಗ ಮುಷ್ಟಿ ಒತ್ತಿಯೇ ಬಿಡಿಸಬಹುದು, ಕುರಿಯ ಹಾಗೇ. ಹಿಂಗಾಲಿನ ಹಿಮ್ಮಡಿಯ ಒಳಬದಿಯಲ್ಲಿ ಕಪ್ಪು ಕೂದಲ ಗಂಟು ಕಾಣುತ್ತದಲ್ಲ, ಅದು ಗ್ರಂಥಿ. ಅದನ್ನು ಮುಟ್ಟಿದ ಕೈಯಲ್ಲೇ ಮಾಂಸ ಮುಟ್ಟಿದರೆ ಆ ಗಬ್ಬು ಅಲ್ಲಿಗೂ ಹೋಗುತ್ತದೆ. ಕೈಗವಸು ಬದಲಿಸು.

ಆಮೇಲೆ ಒಳಗಿನಿಂದ, ಬೆನ್ನುಮೂಳೆಯ ಅಡಿಯ ಎರಡು ಸಣ್ಣ ಪಟ್ಟಿ, ಟೆಂಡರ್‌ಲಾಯಿನ್, ಬೆರಳಲ್ಲೇ ಬಿಡಿಸಿ ತೆಗಿ. ಬಿಟ್ಟರೆ ಒಣಗಿ ಹೋಗುತ್ತದೆ. ಮುಂಗಾಲಿಗೆ ಕೀಲೇ ಇಲ್ಲ, ಹೆಗಲ ಹಲಗೆಯ ಹಿಂದೆ ಚೂರಿ ಆಡಿಸಿದರೆ ಕಳಚಿಕೊಳ್ಳುತ್ತದೆ. ಹಿಂಗಾಲಿಗೆ ಸೊಂಟದ ಮೂಳೆಯನ್ನೇ ಹಿಡಿದುಕೊಂಡು ಕೊಯ್ಯುತ್ತಾ ಹೋದರೆ ಚೆಂಡಿನ ಹಾಗಿರುವ ಕೀಲು ಸಿಗುತ್ತದೆ. ಒಳಗಿನ ಬಿಳಿ ನರ ಕತ್ತರಿಸಿದರೆ ಕಾಲು ಕೈಗೆ ಬಂತು. ಗರಗಸ ಬೇಡ. ಈಗ ಆ ಕೀಲಿನ ಜಾಗಕ್ಕೆ ಗಾಳಿ ಸಿಕ್ಕಿತು, ನನ್ನದು ಕೊಳೆತದ್ದು ಅಲ್ಲೇ.

ದೊಡ್ಡ ಕೂಲರ್ ಇದ್ದರೆ ಐಸಿನ ಲೆಕ್ಕ ಹೀಗೆ. ಮೂಳೆ ಸಹಿತ 35 ಕಿಲೋ ಮಾಂಸವನ್ನು 38ರಿಂದ 4 ಸೆಲ್ಸಿಯಸ್‌ಗೆ ಇಳಿಸಲು ಬರೀ ಲೆಕ್ಕದ ಪ್ರಕಾರ ಸುಮಾರು 12 ಕಿಲೋ ಐಸ್ ಕರಗಬೇಕು. ಕೂಲರ್ ತಣಿಯೋದು, ಮುಚ್ಚಳ ತೆಗೆದು ಹಾಕೋದು ಸೇರಿಸಿ 18 ಕಿಲೋ ತಾ, ಅಂದರೆ ಇಪ್ಪತ್ತು ಪೌಂಡಿನ ಎರಡು ಚೀಲ. ಜಿಪುಣತನ ಮಾಡಬೇಡ, ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ. ಐಸ್ ಅಡಿಗೆ, ಮೇಲೆ ತಂತಿ ಜಾಲರಿ, ಅದರ ಮೇಲೆ ಕಾಲುಗಳು, ಸಂದಿಗೆ ಮತ್ತೆ ಐಸ್ ಚೀಲ. ಕೂಲರನ್ನು ಸ್ವಲ್ಪ ವಾಲಿಸಿ ಕೆಳಗಿನ ಬಿರಡೆ ತೆಗೆದಿಡು, ನೀರು ಹರಿದು ಹೋಗಲಿ. ಕರಗಿದ ನೀರಲ್ಲಿ ಮುಳುಗಿದ ಮಾಂಸ ಬಿಳುಚಿ ರುಚಿ ಕಳೆದುಕೊಳ್ಳುತ್ತದೆ. ಬಿಸಿ ಮಾಂಸವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಬೇಡ, ಬಟ್ಟೆ ಸಾಕು.

ಮೂಳೆ ಬಿಡಿಸೋದು ನಾಳೆ ಸಂಜೆ. ಸತ್ತ ಮೇಲೆ ಸ್ನಾಯು ಬಿಗಿಯುತ್ತದಲ್ಲ, ಆ ಸೆಡೆತ ಇಳಿಯಲು ಸುಮಾರು ಒಂದು ದಿನ ಬೇಕು. ಅದಕ್ಕೂ ಮುಂಚೆ ತುಂಡು ಮಾಡಿ ನೇರ ಫ್ರೀಜರಿಗೆ ಹಾಕಿದರೆ ಸ್ನಾಯು ಕುಗ್ಗಿ ರಬ್ಬರಾಗುತ್ತದೆ. ಮೂಳೆಗೆ ಅಂಟಿಕೊಂಡಿದ್ದರೆ ಅಷ್ಟು ಕುಗ್ಗೋದಿಲ್ಲ. 34ರಿಂದ 38 ಡಿಗ್ರಿ ಫ್ಯಾರನ್‌ಹೀಟ್ ಬಿಡದೆ ಕಾಯುವ ಫ್ರಿಜ್ ಇದ್ದರೆ ನಾಲ್ಕೈದು ದಿನ ಇಟ್ಟು ಹದಮಾಡಬಹುದು. ಹಗಲು 46ಕ್ಕೆ ಏರುವ ಗ್ಯಾರೇಜಿನಲ್ಲಿ ಅಲ್ಲ.

ಪೈಪಿನಲ್ಲಿ ತೊಳೆದೆ ಅಂದೆಯಲ್ಲ. ಮೂರು ನೀರಲ್ಲಿ ತೊಳೆಯದೆ ನಮ್ಮ ಕೈ ನಿಲ್ಲೋದಿಲ್ಲ, ಗೊತ್ತು. ಆದರೆ ನೀರು ಒಂದು ಕಡೆಯ ಕೊಳೆಯನ್ನು ಎಲ್ಲಾ ಕಡೆಗೂ ಒಯ್ಯುತ್ತದೆ, ಒದ್ದೆ ಮೈಯಲ್ಲಿ ಕೀಟಾಣುವಿಗೆ ಹಬ್ಬ. ಈಗ ಪೇಪರ್ ಟವೆಲ್ಲಿನಿಂದ ಒಳಗೆಲ್ಲ ಒತ್ತಿ ಒರೆಸಿ ಒಣಗಿಸು. ಹೊಟ್ಟೆಯ ಹಸಿರು ತಾಗಿದ ಕಡೆ ಬೆರಳಗಲ ಕೊಯ್ದು ಬಿಸಾಡು. ಅರಿಶಿನ ನೀರಿನ ಶಾಸ್ತ್ರ ಒಲೆ ಹೊತ್ತಿಸುವ ದಿನಕ್ಕಿರಲಿ. ಮುಂದಿನ ಸಲಕ್ಕೆ ಒಂದು ಸಮಾಧಾನ: ಕುರಿಯಲ್ಲಿ ಪಿತ್ತ ಒಡೆಯದಂತೆ ನಡುಗುತ್ತೇವಲ್ಲ, ಈ ಜಿಂಕೆಗೆ ಪಿತ್ತಕೋಶವೇ ಇಲ್ಲ. ಹೆದರಬೇಕಾದ್ದು ಉಚ್ಚೆಚೀಲಕ್ಕೆ, ಹೊಟ್ಟೆಚೀಲಕ್ಕೆ.

ಗುಂಡು ಹೊಕ್ಕ ಜಾಗದ ಸುತ್ತ ಒಂದು ಅಂಗೈಯಗಲ ಕೊಯ್ದು ತೆಗಿ, ನೋಡಲು ಚೆನ್ನಾಗಿದ್ದರೂ. ಸೀಸದ ಗುಂಡು ಪುಡಿಯಾಗಿ ಕಣ್ಣಿಗೆ ಕಾಣದಷ್ಟು ದೂರ ಹರಡುತ್ತದೆ. ರಕ್ತ ಹೆಪ್ಪುಗಟ್ಟಿದ ಮಾಂಸ ಖೀಮಾಕ್ಕಂತೂ ಬೇಡ. ಮನೆಯಲ್ಲಿ ಚಿಕ್ಕ ಮಗು ಇದೆ ಅಂದೆಯಲ್ಲ, ಬರುವ ವರ್ಷ ತಾಮ್ರದ ಗುಂಡು ತಗೋ.

ತಲೆಮಾಂಸ, ಮೆದುಳು: ಆಸೆ ಬಿಡು. ಇಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ, ಜಿಂಕೆಯ ಮೆದುಳು ಹಾಳುಮಾಡುವ ರೋಗ ಇದೆ. ಈ ರಾಜ್ಯದಲ್ಲಿ ಅದು ಪತ್ತೆಯಾದದ್ದು 2002ರಲ್ಲಿ, ಮ್ಯಾಡಿಸನ್ನಿನ ಪಕ್ಕದ ಮೌಂಟ್ ಹೋರೆಬ್ ಸುತ್ತಮುತ್ತ. ಪ್ರಿಯಾನ್ ಅನ್ನುವ ಪ್ರೋಟೀನಿನಿಂದ ಬರೋದು, ಕುಕ್ಕರಿಗೂ ಜಗ್ಗೋದಿಲ್ಲ, ಫ್ರೀಜರಿಗೂ ಜಗ್ಗೋದಿಲ್ಲ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ, ಆದರೂ ರೋಗವಿರುವ ಜಿಂಕೆಯನ್ನು ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಮೆದುಳು, ಬೆನ್ನುಹುರಿ, ಕಣ್ಣು, ಗುಲ್ಮ, ಗಂಟಲ ಗ್ರಂಥಿಗಳನ್ನು ಬಿಟ್ಟುಬಿಡು. ಬೆನ್ನುಮೂಳೆಗೆ ಗರಗಸ ಹಾಕಬೇಡ, ಬೆನ್ನಿನ ಮೇಲಿನ ಉದ್ದ ಪಟ್ಟಿ, ಅಂದರೆ ಬ್ಯಾಕ್‌ಸ್ಟ್ರಾಪನ್ನು ಮೂಳೆಗುಂಟ ಚೂರಿಯಲ್ಲಿ ಬಿಡಿಸು. ಮೂಳೆ ಸಾರು ಇಲ್ಲದ ಬಾಡೂಟ ಊಟವೇ ಅಲ್ಲ ಅಂತ ನನಗೂ ಅನಿಸುತ್ತದೆ, ಆದರೂ ಇಲ್ಲಿ ಮೂಳೆ ಬಿಡಿಸಿಯೇ ಇಡುತ್ತೇನೆ. ಐದಿಂಚು ಕುತ್ತಿಗೆ ಸಮೇತ ತಲೆಯನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದರೆ ಡಿಎನ್‌ಆರ್ ಇಟ್ಟಿರುವ ಕಿಯೋಸ್ಕಿಗೆ, ಅಂದರೆ ಪರೀಕ್ಷೆಗೆ ತಲೆ ಸಂಗ್ರಹಿಸುವ ಜಾಗಕ್ಕೆ, ಹಾಕು, ಪರೀಕ್ಷೆ ಪುಕ್ಕಟೆ, ಫಲಿತಾಂಶಕ್ಕೆ ಸುಮಾರು ಎರಡು ವಾರ. ಅಲ್ಲಿಯವರೆಗೆ ಈಲಿಯೂ ಸೇರಿ ಏನನ್ನೂ ತಿನ್ನಬೇಡ. ಚೂರಿಗಳನ್ನು ತೊಳೆದು, ಅರ್ಧ ನೀರು ಅರ್ಧ ಬ್ಲೀಚಿನಲ್ಲಿ ಒಂದು ಗಂಟೆ ನೆನೆಹಾಕು. ಉಳಿದ ಮೂಳೆಯನ್ನು ತೋಟದ ಹಿಂದೆ ಎಸೆದ ಹಾಗೆ ಎಸೆಯುವಂತಿಲ್ಲ, ಚೀಲ ಕಟ್ಟಿ ಕಸದ ಗಾಡಿಗೆ.

ಜಿಂಕೆಯ ಕೊಬ್ಬು ಕುರಿಕೊಬ್ಬಲ್ಲ. ಮೇಣದ ಹಾಗೆ ಅಂಗುಳಿಗೆ ಅಂಟುತ್ತದೆ, ಫ್ರೀಜರಿನಲ್ಲೂ ಕಮಟುತ್ತದೆ. ಪೂರ್ತಿ ಕೆತ್ತಿ ತೆಗಿ, ಮೇಲಿನ ಬೆಳ್ಳಿಪೊರೆಯನ್ನು ಹಾಗೇ ಬಿಡು. ಅದು ಒಣಗದಂತೆ ಕಾಯುತ್ತದೆ, ಅಡುಗೆ ದಿನ ತೆಗೆದರಾಯಿತು. ಅಳತೆಯ ಪೊಟ್ಟಣ ಮಾಡಿ, ಗಾಳಿ ಎಳೆದು ಸೀಲ್ ಮಾಡಿ, ದಿನಾಂಕ ಬರೆ. ಫ್ರೀಜರಿನ ಒಂದು ಘನ ಅಡಿಗೆ ದಿನಕ್ಕೆ ಎರಡು ಮೂರು ಪೌಂಡ್ ಮಾತ್ರ. ಒಂದೇ ಸಲ ಐವತ್ತು ಪೌಂಡ್ ತುರುಕಿದರೆ ನಡುವಿನದು ಎರಡು ದಿನ ಮೆತ್ತಗೇ ಇರುತ್ತದೆ.

ಅಡುಗೆ ನಿನಗೆ ಹೇಳಿಕೊಡಬೇಕಾ? ಕಾಲಿನ ಮಾಂಸ ಕುಕ್ಕರಿಗೆ, ಬ್ಯಾಕ್‌ಸ್ಟ್ರಾಪ್ ಕುಕ್ಕರಿಗಲ್ಲ. ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲಿ.

ಚಳಿಗಾಲ ಉದ್ದ, ಒಳ್ಳೆ ಬೂಟು ತಗೋ. ನಮ್ಮ ಕೂಟದವರಿಗೆ ಶಿಕಾರಿ ಸುದ್ದಿ ಹೇಳಬೇಕಾ ಅಂದರೆ, ಕೆಲವರು ಮುಖ ಸಿಂಡರಿಸುತ್ತಾರೆ, ಅವರಲ್ಲೇ ಇಬ್ಬರು ರಾತ್ರಿ ಫೋನು ಮಾಡಿ ಪಾಲು ಕೇಳುತ್ತಾರೆ. ಕೊಡಬಹುದು, ಮಾರುವಂತಿಲ್ಲ. ಮೊದಲ ಪಾಲು ಮಾತ್ರ ಜಾಗ ಕೊಟ್ಟ ಆ ರೈತನದು. ಬ್ಯಾಕ್‌ಸ್ಟ್ರಾಪಿನ ಒಂದು ಪೂರ್ತಿ ಪಟ್ಟಿ ಬೇರೆ ಪೊಟ್ಟಣ ಕಟ್ಟಿ ಅವನ ಹೆಸರು ಬರೆದಿಡು. ಪರೀಕ್ಷೆಯ ಫಲಿತಾಂಶ ಬಂದ ದಿನ ಆ ಕಾಗದವನ್ನೂ ಜೊತೆಗೆ ಒಯ್ದು ಕೊಡು.