ಬಾಲ್ ಸಿಕ್ಕಿದ ಕೂಡಲೇ ಬೆಂಚಿನ ಕಡೆ ನೋಡುವ ಹುಡುಗಿ

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದ ವರ್ಷ ನನ್ನ ಬಳಿ ಆಪ್ತಸಲಹೆಗೆ ಬರುವ ಆಟಗಾರರ ಮಾತು ಹೆಚ್ಚುಕಡಿಮೆ ಒಂದೇ: ‘ಹಳೇ ಸಾರ್ ಇದ್ದಾಗ ನಾನು ಚೆನ್ನಾಗಿ ಆಡ್ತಿದ್ದೆ.’ ಇಂಥವರಿಗೆ ಮನೆಯಲ್ಲಿ ಸಿಗುವ ಸಲಹೆ ಎರಡೇ. ಒಂದೋ ಆಟ ಬಿಡು, ಇಲ್ಲವೇ ಬಾಯಿ ಮುಚ್ಚಿಕೊಂಡು ಹೇಳಿದ್ದು ಮಾಡು. ಎರಡರಿಂದಲೂ ಮಕ್ಕಳಿಗೆ ನಷ್ಟವಾಗುವುದನ್ನು ಕಂಡು ಈ ಪ್ರಕರಣ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ತಂಡದ ಶೂಟಿಂಗ್ ಗಾರ್ಡ್, ಅಂದರೆ ಮುಖ್ಯವಾಗಿ ದೂರದಿಂದ ಶೂಟ್ ಮಾಡುವವಳು. ಪ್ರಾಕ್ಟೀಸಿನ ಹೊತ್ತು ಹತ್ತಿರ ಬಂದರೆ ಹೊಟ್ಟೆ ತೊಳಸುತ್ತದೆ, ರಾತ್ರಿ ನಿದ್ದೆ ಇಲ್ಲ. ಜತೆಗೆ ಬಂದ ಅಮ್ಮ ನೇರವಾಗಿ ಹೇಳಿದರು: ‘ಕನ್ನಡದವಳು ಅಂತ ಹೊರಗೆ ಕೂರಿಸ್ತಾರೆ ಟೀಚರ್. ಗ್ರೇಸ್ ಮಾರ್ಕ್ ಹೋದ್ರೂ ಅಡ್ಡಿಯಿಲ್ಲ, ಬಿಡ್ಲಿ.’

ಈ ಅನುಮಾನವನ್ನು ನಾನು ತಳ್ಳಿಹಾಕಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಇಲ್ಲಿನ ಕನ್ನಡಿಗರು ಕಚೇರಿಯ ಅರ್ಜಿಯಿಂದ ಹಿಡಿದು ಶಾಲೆಯ ಅಧ್ಯಾಪಕರ ನೇಮಕದವರೆಗೆ ಪಟ್ಟ ಪಾಡು ಸುಳ್ಳಲ್ಲ. ಆದರೆ ಅನುಮಾನವನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಸ್ಕೋರ್‌ಶೀಟಿನಲ್ಲಿ ಪಾಯಿಂಟು, ಫೌಲು ಇರುತ್ತವೆ, ಯಾರು ಎಷ್ಟು ನಿಮಿಷ ಆಡಿದರು ಎಂಬುದು ಇರುವುದಿಲ್ಲ. ಹಾಗಾಗಿ ಮೂರು ಮ್ಯಾಚುಗಳ ಮೊಬೈಲ್ ವಿಡಿಯೊ ನೋಡಿ, ಪ್ರತಿಯೊಬ್ಬಳೂ ಒಳಗೆ ಹೋದ, ಹೊರಬಂದ ಸಮಯ ಬರೆದು ತರಲು ಹೇಳಿದೆ.

ಬಂದ ಲೆಕ್ಕ ಇದು. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂಕಣದಲ್ಲಿ ಐವರು, ಅಂದರೆ ಒಂದು ಮ್ಯಾಚಿನಲ್ಲಿ ಹಂಚಲು ಇರುವುದು 200 ನಿಮಿಷ. ಹಳೆಯ ಕೋಚ್ ಆರೇ ಜನರಲ್ಲಿ ಮುಗಿಸುತ್ತಿದ್ದರು, ತಲೆಗೆ 33 ನಿಮಿಷ. ಹೊಸಬರು ಹತ್ತು ಜನರನ್ನು ಆಡಿಸುತ್ತಾರೆ, ತಲೆಗೆ 20. ಈಕೆಗೆ ಸಿಕ್ಕಿದ್ದು 19. ಮಲಯಾಳಂ ಮನೆಮಾತಿನ ಇಬ್ಬರು ಸೀನಿಯರ್‌ಗಳಿಗೂ ಅಷ್ಟೇ ಕಡಿತವಾಗಿತ್ತು. ಹೊಸದಾಗಿ ಅವಕಾಶ ಪಡೆದವರಲ್ಲಿ ಒಬ್ಬಳು ಕನ್ನಡದವಳೇ.

ಇಷ್ಟಕ್ಕೆ ಸಮಾಧಾನವಾಗುತ್ತದೆ ಎಂದುಕೊಳ್ಳಬಾರದು. ಆಕೆ ಆ ಹಾಳೆಯನ್ನು ತುಂಬ ಹೊತ್ತು ನೋಡಿ ಹೇಳಿದ ಮಾತೇ ಈ ಪ್ರಕರಣದ ತಿರುವು: ‘ನಿಮಿಷ ಕಮ್ಮಿ ಆದದ್ದು ದೊಡ್ಡದಲ್ಲ ಟೀಚರ್. ಈಗ ಬಾಲ್ ಕೈಗೆ ಸಿಕ್ಕಿದ್ರೆ ನಂಗೆ ರಿಂಗ್ ಕಾಣುವುದಿಲ್ಲ, ಮೊದ್ಲು ಸಾರ್ ಮುಖ ಕಾಣ್ತದೆ.’

ಹೊಸ ಕೋಚ್ ಬಂದ ತಂಡಗಳಲ್ಲಿ ಒಳಗೊಳಗೇ ಕೆಡುವುದು ಇಲ್ಲಿ. 6.75 ಮೀಟರಿನ ಮೂರು ಪಾಯಿಂಟ್ ಗೆರೆಯ ಹೊರಗೆ ಪಾಸ್ ಹಿಡಿದವಳ ಮೇಲೆ ಡಿಫೆಂಡರ್ ಓಡಿಬರಲು ಹೆಚ್ಚು ಹೊತ್ತು ಬೇಡ. ಆ ಹೊತ್ತಿನಲ್ಲಿ ಕಣ್ಣು ಬೆಂಚಿಗೆ ಹೋಗಿ ಬಂದರೆ ಶಾಟ್ ತಪ್ಪುತ್ತದೆ ಅಥವಾ ಆಕೆ ಶೂಟ್ ಮಾಡುವುದೇ ಇಲ್ಲ. ಆಗ ಬದಲಿ ಆಟಗಾರ್ತಿ ಬರುತ್ತಾಳೆ. ‘ಸಾರ್‌ಗೆ ನಾನು ಬೇಡ’ ಎಂಬುದು ಗಟ್ಟಿಯಾಗುತ್ತದೆ. ಮುಂದಿನ ಸಲ ಬೆಂಚಿನ ಕಡೆ ನೋಟ ಇನ್ನೂ ಬೇಗ ಹೋಗುತ್ತದೆ.

‘ಆತ್ಮವಿಶ್ವಾಸ ಬೆಳೆಸಿಕೊ’ ಎಂದು ನಾನು ಹೇಳಲಿಲ್ಲ. ಕೋಚ್ ಏನು ಬಯಸುತ್ತಾರೆ ಎಂದು ಗೊತ್ತಿಲ್ಲದವಳಿಗೆ ವಿಶ್ವಾಸದ ಪಾಠ ಉಪಯೋಗಕ್ಕೆ ಬರುವುದಿಲ್ಲ, ಬೇಕಾದದ್ದು ಮಾಹಿತಿ. ಅದಕ್ಕೆ ಕೊಟ್ಟ ಸಲಹೆ: ಕೋಚ್ ಹತ್ತಿರ ನೀನೇ ಕೇಳು. ಮ್ಯಾಚಿನ ದಿನ ಬೇಡ, ತಂಡದ ಎದುರು ಬೇಡ, ಅಮ್ಮನನ್ನು ಕರೆದುಕೊಂಡು ಹೋಗಬೇಡ. ಪ್ರಾಕ್ಟೀಸ್ ಶುರುವಾಗುವ ಹತ್ತು ನಿಮಿಷ ಮೊದಲು, ಅಂಕಣದ ಬದಿಯಲ್ಲಿ. ‘ನನ್ನನ್ನು ಯಾಕೆ ಆಡಿಸುವುದಿಲ್ಲ’ ಎಂದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳತೊಡಗುತ್ತಾರೆ. ‘ನಾನು ಒಳಗಿರುವಾಗ ನೀವು ಮೊದಲು ನೋಡುವುದು ಏನನ್ನು ಸಾರ್?’ ಎಂದು ಕೇಳು. ಉತ್ತರವನ್ನು ಅಲ್ಲೇ ನಿನ್ನ ಮಾತಲ್ಲಿ ಮತ್ತೆ ಹೇಳಿ, ಸರಿಯೇ ಎಂದು ಕೇಳಿಕೋ.

ಬಂದ ಉತ್ತರ ಆಕೆಯ ಊಹೆಯಲ್ಲೇ ಇರಲಿಲ್ಲ. ಶೂಟ್ ಮಾಡಬೇಡ ಎಂದು ಅವರು ಹೇಳಿಯೇ ಇರಲಿಲ್ಲ. ಎದುರಾಳಿ ಶಾಟ್ ಹೊಡೆದಾಗ ಈಕೆ ತನ್ನ ಆಳನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡದೆ ಚೆಂಡನ್ನೇ ನೋಡುತ್ತ ನಿಲ್ಲುತ್ತಾಳೆ, ಎದುರಾಳಿ ನಮ್ಮವಳ ದಾರಿಗೆ ಅಡ್ಡ ನಿಂತಾಗ, ಅಂದರೆ ಸ್ಕ್ರೀನ್ ಬಂದಾಗ, ಕೂಗಿ ಹೇಳುವುದಿಲ್ಲ, ಇವೇ ಅವರ ದೂರು. ಹಳೆಯ ಕೋಚ್ ಆಡಿಸುತ್ತಿದ್ದದ್ದು 2-3 ಝೋನ್, ಮುಂದೆ ಇಬ್ಬರು, ಹಿಂದೆ ಮೂವರು. ಅದರಲ್ಲಿ ಕಾಯುವುದು ಜಾಗವನ್ನು. ಒಬ್ಬಳು ಮಾತಾಡದಿದ್ದರೂ ನಡೆದುಹೋಗುತ್ತದೆ. ಈಗಿನದು ಪೂರ್ತಿ ಅಂಕಣದ ಮ್ಯಾನ್ ಟು ಮ್ಯಾನ್, ಒಬ್ಬೊಬ್ಬಳು ಒಬ್ಬೊಬ್ಬ ಎದುರಾಳಿಯನ್ನು ಕಾಯಬೇಕು. ಒಬ್ಬಳು ಸುಮ್ಮನಿದ್ದರೆ ಐವರೂ ಕೆಡುತ್ತಾರೆ. ಕಾಲು ಬೇಗ ಸೋಲುವುದರಿಂದ ನಾಲ್ಕೈದು ನಿಮಿಷಕ್ಕೊಮ್ಮೆ ಆಟಗಾರರನ್ನು ಬದಲಿಸುವುದೂ ಅನಿವಾರ್ಯ. ಆಕೆ ಸುಮ್ಮನಿದ್ದದ್ದಕ್ಕೆ ಕಾರಣ, ಆಟದ ರಭಸದಲ್ಲಿ ಮಲಯಾಳಂ ಬಾಯಿಗೆ ಬರುವುದು ತಡ, ತಪ್ಪಾದರೆ ನಗುತ್ತಾರೆಂಬ ಅಂಜಿಕೆ. ಕೂಗಬೇಕಾದದ್ದನ್ನು ಐದೇ ಮಾತಿಗೆ ಇಳಿಸಿ ತಂಡದ ಒಪ್ಪಿಗೆ ಪಡೆಯಲು ಹೇಳಿದೆ: ಬಾಲ್, ಹೆಲ್ಪ್, ಸ್ಕ್ರೀನ್, ಸ್ವಿಚ್ (ಕಾಯುವ ಆಳನ್ನು ಅದಲುಬದಲು ಮಾಡು), ಶಾಟ್.

ಬೆಂಚಿನ ಕಡೆ ಹೋಗುವ ನೋಟಕ್ಕೆ ಬೇರೆಯೇ ಅಭ್ಯಾಸ ಬೇಕು. ಪಾಸ್ ಬರುವ ಮೊದಲೇ ನಿರ್ಧಾರ ಆಗಿರಬೇಕು: ಕಾಲು ಊರಿದೆ, ಡಿಫೆಂಡರ್ ಕೈಗೆಟುಕದಷ್ಟು ದೂರ ಇದ್ದಾಳೆ ಎಂದಾದರೆ ಶೂಟ್, ಇಲ್ಲದಿದ್ದರೆ ಪಾಸ್. ಈ ನಿಯಮಕ್ಕೆ ಕೋಚ್‌ನ ಒಪ್ಪಿಗೆ ಮೊದಲೇ ಪಡೆಯಬೇಕು. ಗೆಳತಿಯೊಬ್ಬಳು 20 ಪಾಸ್ ಕೊಡಲಿ, ಚೆಂಡು ರಿಂಗಿಗೆ ಬಿತ್ತೇ ಎಂದು ಎಣಿಸದೆ ನಿರ್ಧಾರ ನಿಯಮದಂತೆ ಇತ್ತೇ ಎಂದು ಮಾತ್ರ ಎಣಿಸಲಿ. ಶಾಟ್ ತಪ್ಪಿದ ಮೇಲೆ ಒಂದು ಉದ್ದ ಉಸಿರು ಬಿಟ್ಟು, ಕಾಯಬೇಕಾದವಳ ಜರ್ಸಿ ನಂಬರನ್ನು ಗಟ್ಟಿಯಾಗಿ ಹೇಳುವುದು. ಕಣ್ಣಿಗೆ ಕೆಲಸ ಸಿಕ್ಕರೆ ಅದು ಬೆಂಚನ್ನು ಹುಡುಕುವುದು ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ತಡವಾಗಿ ಹೊರಬಂತು. ಪ್ರಾಕ್ಟೀಸ್ ವಾರಕ್ಕೆ ಮೂರು ದಿನ ಇದ್ದದ್ದು ಒಮ್ಮೆಲೇ ಆರಾಗಿತ್ತು, ಅದೂ ಸಿಮೆಂಟ್ ಅಂಕಣದಲ್ಲಿ. ಮೊಣಕಾಲಿನ ಕೆಳಗಿನ ಎಲುಬಿನ ನೋವನ್ನು ಆಕೆ ಅಡಗಿಸಿಟ್ಟಿದ್ದಳು. ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ಸುಮ್ಮನೆ ಮಲಗಿದಾಗಲೂ ನೋವು ಇದ್ದರೆ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಬೇಕು. ಕಠಿಣ ತರಬೇತಿಯ ನಡುವೆ ಮೂರು ತಿಂಗಳು ಮುಟ್ಟು ನಿಂತರೂ ಹಾಗೆಯೇ, ಡಾಕ್ಟರನ್ನು ಕಾಣಬೇಕು. ಸಾಕಷ್ಟು ಉಣ್ಣದಿರುವುದು ಅದಕ್ಕೆ ಸಾಮಾನ್ಯ ಕಾರಣ. ಇದನ್ನು ‘ಹೊಂದಿಕೊಳ್ಳುವುದು’ ಎಂದು ಯಾವ ಕೋಚ್ ಹೇಳಿದರೂ ಕೇಳಬಾರದು.

ಕೋಚ್‌ಗೆ ನೀವೇ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆಕೆ ನನ್ನ ಬಳಿ ಹೇಳಿದ್ದು ಆಕೆಗೆ ಸೇರಿದ್ದು. ಅಲ್ಲದೆ ಹೊರಗಿನಿಂದ ಫೋನ್ ಹೋದರೆ ಹುಡುಗಿ ‘ದೂರು ಕೊಟ್ಟವಳು’ ಆಗುತ್ತಾಳೆ, ಕೋಚ್ ಎಚ್ಚರಿಕೆಯಿಂದ ದೂರ ಉಳಿಯುತ್ತಾರೆ. ಆದರೆ ಕೈ ಮಾಡುವುದು, ಮೈಬಣ್ಣ ಅಥವಾ ತೂಕವನ್ನು ಹಂಗಿಸುವುದು, ಗಾಯವಾದವಳನ್ನು ಓಡಿಸುವುದು, ರಾತ್ರಿ ಖಾಸಗಿ ಸಂದೇಶ ಕಳಿಸುವುದು ನಡೆದಿದ್ದರೆ ‘ನೀನೇ ಹೋಗಿ ಕೇಳು’ ಎಂಬ ಸಲಹೆ ಅಪಾಯ. ಅಲ್ಲಿ ಪ್ರಾಂಶುಪಾಲರಿಗೆ ಲಿಖಿತ ದೂರು, ಲೈಂಗಿಕ ಸ್ವರೂಪದ್ದಾದರೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇರಬೇಕಾದ ಆಂತರಿಕ ದೂರು ಸಮಿತಿ. ಮೊದಲ ಭೇಟಿಯಲ್ಲೇ ಇವೆಲ್ಲವನ್ನೂ ಒಂದೊಂದಾಗಿ ಕೇಳಿ, ಇಲ್ಲವೆಂದು ಖಚಿತವಾದ ಮೇಲೆಯೇ ಈ ದಾರಿ ಹಿಡಿದದ್ದು.

ಆರು ವಾರ ಗಡುವು ಇಟ್ಟೆವು. ಆಮೇಲೂ ಹೊಟ್ಟೆ ತೊಳಸುತ್ತಿದ್ದರೆ ತಂಡ ಬಿಡಲಿ, ಕಾರಣವನ್ನು ಕೋಚ್‌ಗೆ ತಾನೇ ಹೇಳಿ ಬಿಡಲಿ. ಗಡುವು ಮುಗಿದಾಗಲೂ ಆಟದ ಸಮಯ ಇಪ್ಪತ್ತು ನಿಮಿಷದ ಆಸುಪಾಸಿನಲ್ಲೇ ಇತ್ತು. ನಿದ್ದೆ ಬರುತ್ತಿದೆ, ಶೂಟ್ ಮಾಡುತ್ತಿದ್ದಾಳೆ, ‘ಸ್ಕ್ರೀನ್’ ಎಂದು ಕೂಗುವುದು ಗ್ಯಾಲರಿಗೂ ಕೇಳುತ್ತದಂತೆ. ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ಮುಂದಿನ ಮ್ಯಾಚಿನ ವಿಡಿಯೊವನ್ನು ಅವರೇ ಕೂತು ಎಣಿಸಲಿ ಎಂದು ಖಾಲಿ ಹಾಳೆ ಕೊಟ್ಟು ಕಳಿಸಿದ್ದೇನೆ.