ಮತ್ತೆ ಯಾಕೆ ಸ್ಕ್ಯಾನ್?

ಪತ್ರ: "ನಮ್ಮ ಭಾವನಿಗೆ ಬಾಯಿ ಕ್ಯಾನ್ಸರ್. ಸಿಟಿ ಸ್ಕ್ಯಾನ್ ಆಗಿ, ಆಪರೇಷನ್ನೂ ಆಯಿತು. ಈಗ ಕರೆಂಟ್ ಕೊಡಿಸಬೇಕು ಅಂತ ಬೇರೆ ಆಸ್ಪತ್ರೆಗೆ ಹೋದರೆ, ಮೊದಲು ಇನ್ನೊಂದು ಸಿಟಿ ಸ್ಕ್ಯಾನ್ ಆಗಲಿ ಅಂದರು. ಹಳೇ ಫಿಲ್ಮ್ ತೋರಿಸಿದರೆ ಪಕ್ಕಕ್ಕಿಟ್ಟರು. ಇದು ದುಡ್ಡು ಮಾಡುವ ದಾರಿ ಅಲ್ಲವೇ? ಇಷ್ಟೆಲ್ಲ ಕಿರಣ ಮೈಗೆ ಬಿದ್ದರೆ ಅದರಿಂದಲೇ ಇನ್ನೊಂದು ಕ್ಯಾನ್ಸರ್ ಬರುವುದಿಲ್ಲವೇ?" (ಹೊಸನಗರ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ಭಾವ ಬೇಗ ಹುಷಾರಾಗಲಿ, ಮೊದಲು ಆ ಮಾತು. ಈ ವಾರ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆಯೇ ಇದ್ದವು. ಅವನ್ನೆಲ್ಲ ಬದಿಗಿಟ್ಟು ನಿಮ್ಮದಕ್ಕೆ ಕೂತಿದ್ದೇನೆ. ಯಾಕೆಂದರೆ ಆರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನೇ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು, ಸುತ್ತಲಿನವರು ತಿರುಗಿ ನೋಡುವಷ್ಟು ದನಿ ಎತ್ತಿ ಕೇಳಿದ್ದೆ.

ಅನುಮಾನವೇ ಬೇಡ ಅಂತ ನಾನು ಹೇಳುವುದಿಲ್ಲ. ಹದಿನೈದು ದಿನದ ಹಿಂದಿನ ರಿಪೋರ್ಟ್ ಕೈಯಲ್ಲಿದ್ದರೂ ಅದೇ ಸ್ಕ್ಯಾನನ್ನು ನಮ್ಮಲ್ಲೇ ಮಾಡಿಸಿ ಅನ್ನುವ ಜಾಗಗಳಿವೆ. ಅಂಥ ಕಡೆ ಕೇಳಲೇಬೇಕು. ಆದರೆ ನಿಮ್ಮ ಭಾವನಿಗೆ ಹೇಳಿರುವುದು ಆ ಸ್ಕ್ಯಾನ್ ಅಲ್ಲ.

ಮೊದಲನೆಯದು ರೋಗ ಎಲ್ಲಿದೆ, ಎಲ್ಲಿವರೆಗೆ ಹರಡಿದೆ ಅಂತ ನೋಡಲು ಮಾಡಿದ್ದು. ಈಗಿನದು ಕರೆಂಟ್‌ಗೆ, ಅಂದರೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕಿರಣ ಚಿಕಿತ್ಸೆಗೆ, ಗುರಿ ಹಿಡಿಯಲು. ಆಪರೇಷನ್ ಆದ ಮೇಲೆ ಬಾಯಿಯ ಒಳಗಿನ ಜಾಗವೇ ಬದಲಾಗಿರುತ್ತದೆ. ಹಳೇ ಫಿಲ್ಮಿನಲ್ಲಿ ಕಾಣುವ ಗಂಟು ಈಗ ಅಲ್ಲಿಲ್ಲ. ಮಲಗುವ ಹಾಸಿಗೆಯೂ ಬೇರೆ. ಮಾಮೂಲಿ ಸಿಟಿಯಲ್ಲಿ ಹಾಸಿಗೆ ತೊಟ್ಟಿಲಿನ ಹಾಗೆ ಒಳಬಾಗಿರುತ್ತದೆ. ಕರೆಂಟ್ ಕೊಡುವ ಯಂತ್ರದ್ದು ಹಲಗೆಯಂತೆ ಚಪ್ಪಟೆ. ಕತ್ತು ಒಂಚೂರು ವಾಲಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಅಂಥದ್ದೇ ಚಪ್ಪಟೆ ಹಲಗೆಯ ಮೇಲೆ, ದಿನಾ ಹೇಗೆ ಮಲಗಬೇಕೋ ಹಾಗೇ ಮಲಗಿಸಿ ಚಿತ್ರ ತೆಗೆಯುತ್ತಾರೆ.

ನಮ್ಮ ಚಿಕ್ಕಪ್ಪನ ಕತೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆ ತೋಟ. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು. ಎಡ ದವಡೆಯ ಒಳಗೆ ವಾಸಿಯಾಗದ ಹುಣ್ಣು, ಆಮೇಲೆ ಆಪರೇಷನ್, ಆಮೇಲೆ 33 ಸಿಟ್ಟಿಂಗ್ ಕರೆಂಟ್. ನಾನು ಕೌಂಟರಿನಲ್ಲಿ ಕೂಗಾಡಿದ ಮೇಲೆ ಅಲ್ಲಿನ ಟೆಕ್ನಿಶಿಯನ್ ಹುಡುಗಿ ಸಿಟ್ಟು ಮಾಡಿಕೊಳ್ಳದೆ, ಬನ್ನಿ ಸಾರ್, ಹೇಗೆ ಮಾಡ್ತೀವಿ ನೋಡಿ ಅಂತ ಒಳಗೆ ಕರೆದಳು. ಬಿಳಿ ಪ್ಲಾಸ್ಟಿಕ್ ಹಾಳೆ ಒಂದನ್ನು ಬಿಸಿನೀರಿನ ತೊಟ್ಟಿಗೆ ಹಾಕಿದರು. ಅದು ಅಕ್ಕಿ ಹಪ್ಪಳದ ಹಿಟ್ಟಿನಷ್ಟು ಮೆತ್ತಗಾಯಿತು. ಇಬ್ಬರು ಎರಡು ಕಡೆ ಹಿಡಿದು ಎಳೆದು ಚಿಕ್ಕಪ್ಪನ ಮುಖದ ಮೇಲೆ ಹಾಸಿ, ಮೂಗು, ಗಲ್ಲ, ಹಣೆಯ ಸುತ್ತ ಬೆರಳಲ್ಲಿ ಒತ್ತಿದರು. ಕೆಲವೇ ನಿಮಿಷಕ್ಕೆ ಗಟ್ಟಿಯಾಗಿ ಜಾಲರಿಯಂಥ ಮುಖವಾಡ ಆಯಿತು. ಅದನ್ನು ಹಲಗೆಗೆ ಕ್ಲಿಪ್ ಹಾಕಿ ಬಿಗಿದರು. ಗೋಡೆಯಿಂದ ಬರುತ್ತಿದ್ದ ಲೇಸರ್ ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲಿ ಅದರ ಮೇಲೆ ಗುರುತು ಹಾಕಿದರು. ಆಮೇಲೆ ಸ್ಕ್ಯಾನ್. ಹೊರಗೆ ಬಂದಾಗ ಚಿಕ್ಕಪ್ಪನ ಕೆನ್ನೆಯ ಮೇಲೆ ಜಾಲರಿಯ ಅಚ್ಚು ಹಾಗೇ ಇತ್ತು. ಆವತ್ತಿಗೆ ನನ್ನ ಬಾಯಿ ಮುಚ್ಚಿತು.

ಆಮೇಲೆ ಇದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಕ್ಸ್‌ರೇ ಕಂಡುಹಿಡಿದದ್ದು ರಾಂಟ್‌ಜನ್, 1895ರಲ್ಲಿ. ಪೇಟೆಂಟ್ ಬೇಡ ಅಂದ ಪುಣ್ಯಾತ್ಮ. ಆದರೆ ಎಕ್ಸ್‌ರೇಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. ಒಳಗನ್ನು ಹೋಳು ಹೋಳಾಗಿ ನೋಡುವುದು ಸಾಧ್ಯವಾಗಿದ್ದು ಹೌನ್ಸ್‌ಫೀಲ್ಡ್ ಅನ್ನುವ ಎಂಜಿನಿಯರ್ ಸಿಟಿ ಯಂತ್ರ ಕಟ್ಟಿದ ಮೇಲೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. 1979ರಲ್ಲಿ ಅವರಿಗೂ ಕಾರ್ಮ್ಯಾಕ್ ಅನ್ನುವವರಿಗೂ ಸೇರಿ ನೊಬೆಲ್ ಬಂತು. ಸಿಟಿಯ ಚಿತ್ರದಲ್ಲಿ ಒಂದೊಂದು ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕೆಳಗೆ, ಮೂಳೆಗೆ ತುಂಬ ಮೇಲೆ. ಕಿರಣ ಎಲ್ಲಿ ಎಷ್ಟು ನುಗ್ಗುತ್ತದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುವುದು ಇದೇ ಸಂಖ್ಯೆಗಳಿಂದ. ಅಂದರೆ ಆ ಸ್ಕ್ಯಾನ್ ಬರೀ ಫೋಟೋ ಅಲ್ಲ, ಇಡೀ ಲೆಕ್ಕಕ್ಕೆ ಅದೇ ಬುಡ.

ಲೆಕ್ಕ ಎಷ್ಟು ಬಿಗಿ ಗೊತ್ತಾ? ಮೈಗೆ ಬೀಳುವ ಕಿರಣವನ್ನು ಅಳೆಯುವುದು ಗ್ರೇ ಅನ್ನುವ ಅಳತೆಯಲ್ಲಿ. ಚಿಕ್ಕಪ್ಪನಿಗೆ ದಿನಕ್ಕೆ 2 ಗ್ರೇ, 33 ದಿನಕ್ಕೆ 66 ಗ್ರೇ. ಅಲ್ಲೇ ಕೆಲವು ಸೆಂಟಿಮೀಟರ್ ಹಿಂದೆ ಬೆನ್ನುಹುರಿ. ಅದಕ್ಕೆ 45ರಿಂದ 50ರ ಒಳಗೇ ನಿಲ್ಲಿಸಬೇಕು. ಮೀರಿದರೆ ಕೈಕಾಲಿಗೆ ಅಪಾಯ. ಮುಖವಾಡ ಹಾಕಿದ ಮೇಲೂ ಸಣ್ಣ ಅಲುಗಾಟಕ್ಕೆಂದು ಗುರಿಯ ಸುತ್ತ ಇಟ್ಟುಕೊಳ್ಳುವ ಅಂಚು 3ರಿಂದ 5 ಮಿಲಿಮೀಟರ್, ಒಂದು ಭತ್ತದ ಕಾಳಿನ ಉದ್ದಕ್ಕಿಂತ ಕಮ್ಮಿ. ನಮ್ಮೂರ ಹಿರಿಯರು ಕೋವಿ ಹಿಡಿದವರಿಗೆ ಹೇಳುತ್ತಿದ್ದರಲ್ಲ, ಪೊದೆ ಅಲುಗಿತು ಅಂತ ಈಡು ಹೊಡೆಯಬೇಡ, ಪ್ರಾಣಿ ಕಣ್ಣಿಗೆ ಬೀಳಲಿ ಅಂತ. ಇಲ್ಲಿಯೂ ನೋಡದೆ ಹೊಡೆಯಬಾರದು. ನಿಮ್ಮ ಭಾವನಿಗೆ ಹೊಸ ಚಿತ್ರವಿಲ್ಲದೆ ಚಿಕಿತ್ಸೆ ಶುರು ಮಾಡಿದ್ದರೆ ನೀವು ಹೆದರಬೇಕಿತ್ತು.

ಇನ್ನು ಕಿರಣದ ಭಯ. ಕಿರಣದಿಂದ ಎಷ್ಟೋ ವರ್ಷದ ಮೇಲೆ ಇನ್ನೊಂದು ಕ್ಯಾನ್ಸರ್ ಬರಬಹುದು ಅನ್ನುವುದು ಸುಳ್ಳಲ್ಲ, ಆದರೆ ಆ ಸಾಧ್ಯತೆ ಸಣ್ಣದು. ಮನೆಯಲ್ಲಿ ಕೂತಿರುವ ರೋಗ ದೊಡ್ಡದು. ಅದೂ ಅಲ್ಲದೆ ಒಂದು ಸಿಟಿಯಿಂದ ಆ ಜಾಗಕ್ಕೆ ಬೀಳುವುದಕ್ಕಿಂತ ಚಿಕಿತ್ಸೆಯಲ್ಲಿ ಬೀಳುವುದು ಸಾವಿರ ಪಟ್ಟಿಗೂ ಜಾಸ್ತಿ. ಅದಕ್ಕೆ ಒಪ್ಪಿ ಇದಕ್ಕೆ ಹೆದರಿದರೆ ಹೇಗೆ ಹೇಳಿ? ಇನ್ನೊಂದು ವಿಷಯ: ಹೊರಗಿನಿಂದ ಕೊಡುವ ಈ ಕಿರಣ ಮೈಯೊಳಗೆ ಉಳಿಯುವುದಿಲ್ಲ. ಅದು ಗೊತ್ತಿಲ್ಲದೆ ಮನೆಯವರು ಚಿಕ್ಕಪ್ಪನ ತಟ್ಟೆ ಲೋಟ ಬೇರೆ ಇಟ್ಟರು, ಮೊಮ್ಮಗಳನ್ನು ಹತ್ತಿರ ಬಿಡಲಿಲ್ಲ. ಅದಕ್ಕೆ ಅವರು ಪಟ್ಟ ನೋವು ಬಾಯಿಯ ಉರಿಗಿಂತ ಜಾಸ್ತಿ. ದಯವಿಟ್ಟು ನಿಮ್ಮ ಮನೆಯಲ್ಲಿ ಹಾಗೆ ಆಗಬಾರದು.

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಾನು ಈಗ ಬರೆದದ್ದನ್ನು ನಾಲ್ಕು ಸಾಲಿನ ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ರೋಗಿಯ ಕೈಗೆ ಕೊಡಲು ಎಷ್ಟು ಖರ್ಚು? ಕೊಡುವುದಿಲ್ಲ. ರಿಪೋರ್ಟ್ ಇಂಗ್ಲಿಷಿನಲ್ಲಿ, ವಿವರಣೆ ಅವಸರದಲ್ಲಿ. ಆ ಜಾಗಕ್ಕೆ ಅನುಮಾನ ಬಂದು ಕೂರುತ್ತದೆ, ಅಲ್ವಾ? ಅನುಮಾನ ಬಂದವರು ಎಂಟನೇ ಸಿಟ್ಟಿಂಗಿಗೇ ಬಿಟ್ಟು ಊರಿಗೆ ಬಂದು ಕಷಾಯ ಕುಡಿಯುತ್ತಾರೆ. ಮಧ್ಯೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ.

ಬಿಡುವವರನ್ನಾದರೂ ಹೇಗೆ ಬೈಯಲಿ? ಆಷಾಢದ ಮಳೆಯಲ್ಲಿ ಚಿಕ್ಕಪ್ಪನನ್ನು ಕರೆದುಕೊಂಡು ಆಗುಂಬೆ ಘಾಟಿಯ 14 ತಿರುವು ಇಳಿದು ಹೋಗುವಾಗ ಒಂದು ದಿನ ಮರ ಬಿದ್ದು ರಸ್ತೆ ಬಂದ್. ಆ ದಿನದ ಸಿಟ್ಟಿಂಗ್ ತಪ್ಪಿತು, ಶನಿವಾರ ಕೊಟ್ಟು ಸರಿ ಮಾಡಿದರು. ಆಮೇಲೆ ಆಸ್ಪತ್ರೆಯ ಹತ್ತಿರವೇ ರೂಮ್ ಮಾಡಿದೆವು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಒಳ್ಳೆಯದೇ. ಆರೂವರೆ ವಾರದ ಬಾಡಿಗೆ, ಊಟ, ಜೊತೆಗಿರುವವರ ಕೂಲಿ? ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಅಂತ ಹುಡುಕುವ ಪೆಟ್ ಸ್ಕ್ಯಾನಿಗೆ ಸಾಮಾನ್ಯವಾಗಿ ಬಳಸುವ ಔಷಧಿಯ ಕಿರಣಶಕ್ತಿ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ಐದೂವರೆ ಗಂಟೆ ದಾರಿ ಸವೆಸಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಎಂಟರಲ್ಲಿ ಒಂದು ಪಾಲು ಉಳಿದೀತು. ದೂರ ಅಂದರೆ ಇದು. ಆಸ್ಪತ್ರೆಗೆ ಹೊಸ ಯಂತ್ರ ಬಂದರೆ ಉದ್ಘಾಟನೆಯ ಫೋಟೋ ಪತ್ರಿಕೆಯವರು ನಾವೂ ಹಾಕುತ್ತೇವೆ. ಅದರ ಕಿರಣದ ಲೆಕ್ಕ ನೋಡುವ ಫಿಸಿಸಿಸ್ಟ್, ಅಂದರೆ ಭೌತಶಾಸ್ತ್ರದ ತಜ್ಞರು, ಬಂದರಾ ಅಂತ ಕೇಳುವವರು ಯಾರು?

ಅಡಿಕೆಯ ಮಾತನ್ನೂ ಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಅನ್ನುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಎಷ್ಟೋ ವರ್ಷವಾಯಿತು. ನನ್ನ ಮನೆಯ ಅನ್ನವೂ ಅಡಿಕೆಯದೇ. ಆದರೂ ಅಡಿಕೆ ಜಗಿದು ಜಗಿದು ಬಾಯಿ ಅಗಲವಾಗಿ ತೆರೆಯಲಾಗದ ಹುಡುಗರನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ.

ನಿಮ್ಮ ಭಾವನಿಗೆ ಬರುತ್ತೇನೆ. ಹಳೇ ಫಿಲ್ಮ್ ಎಸೆಯಬೇಡಿ. ಗಂಟು ಮೊದಲು ಎಲ್ಲಿತ್ತು ಅಂತ ಡಾಕ್ಟರು ಹೊಸದರ ಜೊತೆ ಇಟ್ಟು ನೋಡುತ್ತಾರೆ. ಶುರುವಾಗುವ ಮೊದಲು ಹಲ್ಲಿನ ಡಾಕ್ಟರಿಗೂ ತೋರಿಸಿ, ಕೆಟ್ಟ ಹಲ್ಲಿದ್ದರೆ ಮೊದಲೇ ತೆಗೆಸಬೇಕು. ಬಾಯಿ ಹುಣ್ಣಾಗಿ ಊಟ ಸೇರದಿದ್ದರೂ ಗಂಜಿಯೋ ರಾಗಿ ಅಂಬಲಿಯೋ ಹೊಟ್ಟೆಗೆ ಹೋಗುತ್ತಿರಲಿ. ತೂಕ ಇಳಿದರೆ ಮುಖವಾಡ ಸಡಿಲವಾಗುತ್ತದೆ, ಆಗ ಹೊಸ ಮುಖವಾಡ ಮಾಡಿ ಮೂರನೇ ಸಲ ಸ್ಕ್ಯಾನ್ ಮಾಡಬೇಕಾಗಬಹುದು. ಹಾಗೆ ಹೇಳಿದರೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ಮಾಡಿಸಿಬಿಡಿ.