ಯುರೋಪಿನ ಕಾರ್ಬನ್ ತೆರಿಗೆ: ಬೋಲ್ಟ್ ಕಳಿಸುವವರಿಗೆ ಎಷ್ಟು ಹೊರೆ?

ನೀವು ಜರ್ಮನಿಗೆ ಬೋಲ್ಟ್ ಕಳಿಸುತ್ತೀರಿ. 2026ರ ಜನವರಿಯಿಂದ ಯುರೋಪಿನ ಕಾರ್ಬನ್ ಗಡಿ ತೆರಿಗೆ ಶುರುವಾಗಿದೆ, ಅಂದರೆ ಹೊರಗಿನಿಂದ ಬರುವ ಮಾಲನ್ನು ತಯಾರಿಸುವಾಗ ಹೊರಬಿದ್ದ ಕಾರ್ಬನ್ ಹೊಗೆಗೆ ಹಾಕುವ ತೆರಿಗೆ. ಮೊದಲ ವರ್ಷ ಹೊಗೆಯ ಬರೀ ಎರಡೂವರೆ ಪರ್ಸೆಂಟಿಗೆ ಕಟ್ಟಿದರೆ ಸಾಕು ಅಂತಾರೆ, ಈಗಲೇ ಚಿಂತೆ ಮಾಡಬೇಕಾ ಎಂದು ಕೇಳಿದ್ದೀರಿ.

ಮಾಡಬೇಕು. ನಾನು ಪುಣೆಯ ಭೋಸರಿಯಲ್ಲಿ ಇಂಥದ್ದೇ ಒಂದು ಕಾರ್ಖಾನೆಯ ರಫ್ತು ಕೆಲಸ ನೋಡಿಕೊಳ್ಳುತ್ತೇನೆ. ಆ ಎರಡೂವರೆ ಪರ್ಸೆಂಟ್ ಅರ್ಧ ಮಾತು ಅಷ್ಟೇ. ಯುರೋಪಿನ ಉಕ್ಕಿನವರು ತಮ್ಮ ಹೊಗೆಗೆ ಪರ್ಮಿಟ್ ತೋರಿಸಬೇಕು, ಒಂದು ಮಟ್ಟದವರೆಗಿನ ಹೊಗೆಗೆ ಅದು ಉಚಿತವಾಗಿ ಸಿಗುತ್ತದೆ. ಮೊದಲ ವರ್ಷವಾದ 2026ರಲ್ಲಿ ಆ ಮಟ್ಟದ ಶೇ. 97.5ರಷ್ಟು ನಮಗೂ ಮಾಫಿ. ಅದರ ಮೇಲಿನದಕ್ಕೆ ಆ ವರ್ಷದಿಂದಲೇ ಪೂರ್ತಿ ದರ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಒಂದು ಟನ್ ಬೋಲ್ಟಿಗೆ ಮಟ್ಟ 1.4 ಟನ್ ಹೊಗೆ, ನಿಮ್ಮ ಬೋಲ್ಟಿನ ಹೊಗೆ 2.4 ಟನ್, ದರ ಟನ್ ಹೊಗೆಗೆ 70 ಯೂರೋ. ಒಂದು ಟನ್ ಬೋಲ್ಟಿಗೆ ಮೊದಲ ವರ್ಷವೇ ಸುಮಾರು 72 ಯೂರೋ ಆಯಿತು. ಮಾಫಿ ವರ್ಷ ವರ್ಷ ಕರಗಿ 2034ಕ್ಕೆ ಸೊನ್ನೆಯಾಗುತ್ತದೆ. ಆಗ ಅದೇ ಬೋಲ್ಟಿಗೆ 168.

ಕಟ್ಟುವವನು ಅಲ್ಲಿಯ ಆಮದುದಾರ, ನಿಜ. ಆದರೆ ಅವನು ಅದನ್ನು ನಮ್ಮ ರೇಟಿನಲ್ಲೇ ಮುರಿದುಕೊಳ್ಳಲು ನೋಡುತ್ತಾನೆ, ಅಲ್ವಾ? ಹಾಗಾಗಿ ಅವನು ವರ್ಷಕ್ಕೆ ಎಷ್ಟು ತರಿಸುತ್ತಾನೆ ಎಂದು ಮೊದಲು ಅವನನ್ನೇ ಕೇಳಿಕೊಳ್ಳಿ. ಇಂಥ ಮಾಲನ್ನು ಎಲ್ಲರಿಂದ ಸೇರಿ ವರ್ಷಕ್ಕೆ 50 ಟನ್ ಒಳಗೆ ತರಿಸುವವನಿಗೆ ಈ ತೆರಿಗೆಯೇ ಇಲ್ಲ.

ನಮಗೆ ನಿಜವಾದ ಪೆಟ್ಟು ಬಿದ್ದದ್ದು ಕಾಗದದಲ್ಲಿ. ಬೋಲ್ಟಿನ ಹೊಗೆಯಲ್ಲಿ ಬಹುಪಾಲು ರಾಡ್ ಮಾಡಿದ ಉಕ್ಕಿನ ಕುಲುಮೆಯದು, ನಮ್ಮ ಮೆಷಿನ್‌ಗಳದ್ದಲ್ಲ. ರಾಡ್ ಕೊಡುವವರು ಮೂರು ತಿಂಗಳು ಆ ಹೊಗೆಯ ಅಂಕಿ ಕೊಡದೆ ಸತಾಯಿಸಿದರು. ಪರಿಶೀಲನೆಯಾದ ಅಂಕಿ ಇಲ್ಲದಿದ್ದರೆ ಯುರೋಪ್ ತಾನೇ ಗೊತ್ತು ಮಾಡಿದ ಅಂಕಿ ಹಾಕುತ್ತದೆ. ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಕಡಿಮೆ ಹೊಗೆಯ ಉಕ್ಕು ಬಳಸಿದವರಿಗೂ ಅಂಕಿ ಇಲ್ಲದಿದ್ದರೆ ಅದೇ ಗತಿ. ಇದು ನನಗೆ ಬಹಳ ಅನ್ಯಾಯ ಅನಿಸುತ್ತದೆ. ದೊಡ್ಡ ಕಂಪನಿಗಳು ಇದಕ್ಕೇ ಜನರನ್ನು ಇಟ್ಟುಕೊಳ್ಳುತ್ತವೆ, ಹತ್ತು ಜನರ ಶೆಡ್ಡಿನವರು ಏನು ಮಾಡಬೇಕು?

ಗುಜರಿ ಕರಗಿಸಿ ಮಾಡಿದ ಉಕ್ಕಿನ ರಾಡ್ ನಿಮ್ಮ ಗ್ರೇಡಿಗೆ ಸಿಗುತ್ತದೆಯೇ ನೋಡಿ. ಕಲ್ಲಿದ್ದಲಿನಿಂದ ಅದಿರು ಕರಗಿಸಿದ್ದಕ್ಕಿಂತ ಅದರ ಹೊಗೆ ತುಂಬಾ ಕಡಿಮೆ. ಗುಜರಿಯನ್ನು ಹೆಚ್ಚಾಗಿ ಕರಗಿಸುವುದು ಕರೆಂಟಿನಲ್ಲಿ, ಉಕ್ಕಿನ ಲೆಕ್ಕದಲ್ಲಿ ಸದ್ಯ ಕರೆಂಟಿನ ಹೊಗೆ ಸೇರುವುದೂ ಇಲ್ಲ.

ಇನ್ನೊಂದು ಮಾತು. ಹೊಗೆಗೆಂದು ಇಲ್ಲೇ ಕಟ್ಟಿದ ಕಾರ್ಬನ್ ದರವನ್ನು ಅಲ್ಲಿಯ ತೆರಿಗೆಯಲ್ಲಿ ಕಳೆಯಬಹುದು. ಹೊಗೆಗೆ ಇಲ್ಲೇ ಬೆಲೆ ಕಟ್ಟುವ ಭಾರತದ ಕಾರ್ಬನ್ ಮಾರುಕಟ್ಟೆಯ ಯೋಜನೆ 2023ರಲ್ಲೇ ಪ್ರಕಟವಾಯಿತು. ಅದು ಬೇಗ ಗಟ್ಟಿಯಾದರೆ ಯುರೋಪಿಗೆ ಹೋಗುವ ದುಡ್ಡು ಇಲ್ಲೇ ಉಳಿದು ಕುಲುಮೆ ಬದಲಿಸಲು ಬರುತ್ತದೆ. ಅಲ್ಲಿಯವರೆಗೆ ಅಂಕಿ ಕೊಡುವ ಷರತ್ತನ್ನು ರಾಡ್ ಆರ್ಡರಿನಲ್ಲೇ ಬರೆಸಿಕೊಳ್ಳಿ. ನಾವು ಬರೆಸಿಕೊಂಡ ಮೇಲೇ ಅಂಕಿ ಬಂದದ್ದು.